ಚೀಲಕ್ಕೆ ಎರಡು ಕೆ.ಜಿ. ಕಡಿತ ಮತ್ತು ದೇವರ ಭಯ

ಕೊಡಗಿನ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಕೊಯ್ಲಿನ ಸಮಯದಲ್ಲಿ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಚೀಲಕ್ಕೆ ಎರಡು ಕೆ.ಜಿ. ಕಡಿತ ಮಾಡಿ ಬರೆಯಬೇಕೆಂದು ಮ್ಯಾನೇಜರರ ಆಜ್ಞೆ. ಚೆಕ್‌ರೋಲಿನಲ್ಲಿ (ಹಾಜರಿ ಪಟ್ಟಿಯಲ್ಲಿ) ಕೆಲಸಕ್ಕೆ ಬಾರದವರ ಹೆಸರೂ ಇರುತ್ತದೆ. ಕೊಯ್ಲಿನ ಮೊದಲ ದಿನ ಕಣದಲ್ಲಿ ಪೂಜೆ ನಡೆಯುತ್ತದೆ, ನಾನೂ ಇರಬೇಕು. ಮನೆಯ ಕಡೆ ನೋಡಿದರೆ, ತೀರಿಕೊಂಡ ತಂದೆಯವರ ಜಾಗ ನಮ್ಮ ಹೆಸರಿಗೆ ಮಾಡಿಸಲು ಹಣ ಕೇಳುತ್ತಿದ್ದಾರೆ. ಲೋಕವೆಲ್ಲ ಕೆಟ್ಟಿರುವಾಗ ನನ್ನಂಥವನು ದೇವರಿಗೆ ವಿಧೇಯನಾಗಿರುವುದು ಹೇಗೆ? ಈ ಕೆಲಸ ಬಿಟ್ಟುಬಿಡಲೇ?"

ಪ್ರಿಯ ಸಹೋದರರೇ,

ಕೆಲಸ ಬಿಡಬೇಡಿ, ಈಗಲೇ ಬಿಡಬೇಡಿ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತಿರುವುದಕ್ಕೆ ಕಾರಣವಿದೆ. ಮನಸ್ಸು ನೊಂದ ವಿಶ್ವಾಸಿಗೆ ಮೊದಲು ಕಾಣುವ ದಾರಿ ರಾಜೀನಾಮೆ. ಆದರೆ ಸ್ನಾನಿಕ ಯೋಹಾನನ ಬಳಿಗೆ ಸುಂಕದವರು ಬಂದು "ನಾವೇನು ಮಾಡಬೇಕು" ಎಂದು ಕೇಳಿದಾಗ ಅವನು ಸುಂಕದ ಕಟ್ಟೆ ಬಿಟ್ಟು ಬನ್ನಿ ಅನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಅಂದ. ಸಿಪಾಯಿಗಳಿಗೂ ಕತ್ತಿ ಕೆಳಗಿಡಲು ಹೇಳದೆ, ಬೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಅಂದ (ಲೂಕ 3:12-14). ಓಬದ್ಯನನ್ನು ನೋಡಿ. ಇಸ್ರಾಯೇಲಿನ ಅತಿ ಕೆಟ್ಟ ಅರಸರಲ್ಲಿ ಒಬ್ಬನಾದ ಅಹಾಬನ ಅರಮನೆಯ ಮೇಲ್ವಿಚಾರಣೆ ಅವನದು. ಈಜೆಬೆಲಳು ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ಅವನು ನೂರು ಮಂದಿಯನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಅನ್ನನೀರು ಕೊಟ್ಟು ಸಾಕಿದ (1 ಅರಸುಗಳು 18). ಅರಮನೆ ಬಿಟ್ಟು ಹೋಗಿದ್ದರೆ ಆ ನೂರು ಜನಕ್ಕೆ ರೊಟ್ಟಿ ತಲುಪಿಸುವವರು ಯಾರಿದ್ದರು? ಅಹಾಬನ ಮನೆಯಲ್ಲಿದ್ದದ್ದು ಓಬದ್ಯನ ಪಾಪವೆಂದು ಸತ್ಯವೇದ ಎಲ್ಲೂ ಹೇಳುವುದಿಲ್ಲ. ಅವನು ಯೆಹೋವನಿಗೆ ಬಹಳವಾಗಿ ಭಯಪಡುವವನಾಗಿದ್ದ ಎಂದೇ ಹೇಳುತ್ತದೆ.

ಹಾಗಾದರೆ ಗೆರೆ ಎಲ್ಲಿ? ನಿಮ್ಮ ಕೈಬರಹ ಎಲ್ಲಿದೆಯೋ ಅಲ್ಲಿ. ಮ್ಯಾನೇಜರರ ಮನಸ್ಸು, ಸಾಹುಕಾರರ ಲಾಭ, ಪಕ್ಕದ ತೋಟದ ಪದ್ಧತಿ, ಇವಕ್ಕೆಲ್ಲ ನೀವು ಉತ್ತರ ಹೇಳಬೇಕಾಗಿಲ್ಲ. ತೂಕದ ಪುಸ್ತಕದಲ್ಲಿ ನೀವು ಬರೆಯುವ ಅಂಕಿಗೆ ಮಾತ್ರ ನೀವೇ ಹೊಣೆ. ಅದು ಸಣ್ಣ ಅಂಕಿಯೂ ಅಲ್ಲ. ನಲವತ್ತು ಜನ ಕೊಯ್ಯುತ್ತಾರೆ, ಒಬ್ಬೊಬ್ಬರದು ದಿನಕ್ಕೆ ಎರಡು ಚೀಲ ಎಂದಿಟ್ಟುಕೊಳ್ಳಿ. ಖಾಲಿ ಚೀಲದ ತೂಕ ಹೆಚ್ಚೆಂದರೆ ಒಂದು ಕೆ.ಜಿ. ಎಂದು ಹಿಡಿದರೂ ಚೀಲಕ್ಕೆ ಇನ್ನೊಂದು ಕೆ.ಜಿ. ಸುಮ್ಮನೆ ಹೋಯಿತು. ದಿನಕ್ಕೆ 80 ಕೆ.ಜಿ. ಕೊಯ್ಲಿನ ಕೂಲಿ ಕೆ.ಜಿ.ಗೆ 5 ರೂಪಾಯಿಯಾದರೆ ದಿನಕ್ಕೆ 400, ಅರುವತ್ತು ದಿನದ ಕೊಯ್ಲಿಗೆ 24,000 ರೂಪಾಯಿ. ಅದು ಯರವರ, ಜೇನುಕುರುಬರ, ಅಸ್ಸಾಮಿನಿಂದ ಬಂದು ಲೈನ್‌ಮನೆಯಲ್ಲಿರುವವರ ಅಕ್ಕಿಬೇಳೆಯ ದುಡ್ಡು. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿ ಮುಟ್ಟಿದೆ ಎಂದು ಯಾಕೋಬನು ಬರೆದದ್ದು (5:4) ಇಂಥ ಪುಸ್ತಕದ ಬಗ್ಗೆಯೇ. ಆಮೋಸನು ಖಂಡಿಸುವ ವರ್ತಕರು ಸಬ್ಬತ್ತು ಯಾವಾಗ ಮುಗಿದೀತೆಂದು ಕಾಯುತ್ತಿದ್ದರು, ಅಂದರೆ ಸಬ್ಬತ್ತನ್ನು ಆಚರಿಸುತ್ತಲೂ ಇದ್ದರು. ಮುಗಿದ ಕೂಡಲೇ ಅಳತೆ ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ, ಗೋದಿಯ ಜಳ್ಳನ್ನೂ ಮಾರುತ್ತಿದ್ದರು (8:5-6). ಭಾನುವಾರದ ಆರಾಧನೆ ತಪ್ಪಿಸದ ನಮ್ಮಂಥವರು ಈ ಮಾತನ್ನು ನಿಧಾನವಾಗಿ ಓದಬೇಕು.

ಇನ್ನು ಮ್ಯಾನೇಜರರ ಹತ್ತಿರ ಮಾತಾಡುವ ಬಗೆ. ಇಲ್ಲಿ ದಾನಿಯೇಲನ ಮೊದಲನೆಯ ಅಧ್ಯಾಯ ಸಿಂಹದ ಗವಿಯ ಕಥೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅರಸನ ಭೋಜನದಿಂದ ಅಶುದ್ಧನಾಗಬಾರದೆಂದು ಅವನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ. ಆಮೇಲೆ ಮೇಲಧಿಕಾರಿಯನ್ನು ವಿನಯದಿಂದ ಕೇಳಿಕೊಂಡ. ಆ ಅಧಿಕಾರಿ ಅರಸನಿಗೆ ಹೆದರಿ ಒಪ್ಪಲಿಲ್ಲ. ದಾನಿಯೇಲ ಜಗಳಕ್ಕೆ ನಿಲ್ಲಲಿಲ್ಲ, ಬಿಟ್ಟೂ ಬಿಡಲಿಲ್ಲ. ತಮ್ಮನ್ನು ದಿನವೂ ನೋಡಿಕೊಳ್ಳುತ್ತಿದ್ದ ಕೆಳಗಿನ ವಿಚಾರಕನ ಬಳಿ ಹೋಗಿ "ಹತ್ತು ದಿನ ಪರೀಕ್ಷಿಸಿ ನೋಡು" ಅಂದ. ಎದುರಿನವನ ಭಯ ಏನೆಂದು ಅವನಿಗೆ ಅರ್ಥವಾಗಿತ್ತು, ಆ ಭಯಕ್ಕೆ ಉತ್ತರ ಆ ಹತ್ತು ದಿನದಲ್ಲಿತ್ತು.

ನಿಮ್ಮ ಮ್ಯಾನೇಜರರಿಗೂ ಒಂದು ಭಯವಿದೆ, ಅದು ಪೂರ್ತಿ ಸುಳ್ಳಲ್ಲ. ಚೀಲದಲ್ಲಿ ಸೊಪ್ಪು, ಕಡ್ಡಿ, ಹಸಿ ಕಾಯಿ ಬರುತ್ತದೆ. ಬೆಳಗಿನ ಇಬ್ಬನಿಯಲ್ಲೋ ಅಕಾಲದ ಮಳೆಯಲ್ಲೋ ಕೊಯ್ದ ಹಣ್ಣಿನ ಜೊತೆ ನೀರೂ ತೂಗುತ್ತದೆ. ಎರಡು ಕೆ.ಜಿ. ಎಂಬ ಕುರುಡು ಕಡಿತ ಹುಟ್ಟಿದ್ದು ಅಲ್ಲಿಂದ. ಆದ್ದರಿಂದ "ಇದು ಪಾಪ, ನಾನು ಬರೆಯಲಾರೆ" ಎಂದು ಶುರು ಮಾಡಬೇಡಿ. ಹತ್ತು ದಿನ ಹೀಗೆ ಮಾಡಿ ನೋಡೋಣ ಅನ್ನಿ. ಗೋಣಿಯದೊಂದು, ಪ್ಲಾಸ್ಟಿಕ್ಕಿನದೊಂದು ಖಾಲಿ ಚೀಲ ಎಲ್ಲರೆದುರಿಗೆ ತೂಗಿ ಅಷ್ಟನ್ನೇ ಕಳೆಯುವುದು. ಗೋಣಿ ನೆನೆದರೆ ತೂಕ ಏರುತ್ತದೆ, ಹಾಗಾಗಿ ಮಳೆಯ ದಿನ ಮತ್ತೆ ತೂಗಬೇಕು. ಒದ್ದೆ ಹಣ್ಣಾದರೆ ತೂಕಕ್ಕೆ ಮುಂಚೆ ಟಾರ್ಪಾಲಿನ ಮೇಲೆ ಸುರಿದು ನೀರಿಳಿಯಲು ಬಿಡುವುದು. ಸೊಪ್ಪು ಕಸ ಹೆಚ್ಚು ಕಂಡ ಚೀಲವನ್ನು ಕೊಯ್ದವರ ಕೈಯಲ್ಲೇ ಆರಿಸಿ ಆಮೇಲೆ ತೂಗುವುದು. ಇದರಲ್ಲಿ ತೋಟಕ್ಕೆ ನಷ್ಟವಿಲ್ಲ. ಒಟ್ಟಿಗೆ ಎರಡು ಕೆ.ಜಿ. ಕಡಿದರೆ ಶುದ್ಧವಾಗಿ ಕೊಯ್ದವಳಿಗೂ ಕಸ ತುಂಬಿದವಳಿಗೂ ಒಂದೇ ದಂಡ, ಆಮೇಲೆ ಶುದ್ಧವಾಗಿ ಯಾರು ಕೊಯ್ಯುತ್ತಾರೆ? ಒಳ್ಳೆ ಮ್ಯಾನೇಜರಿಗೆ ಈ ಮಾತು ನಾಟುತ್ತದೆ.

ತಕ್ಕಡಿಯ ವಿಷಯಕ್ಕೂ ಬರೋಣ, ಏಕೆಂದರೆ ಮೋಸ ಮಾಡುವ ಮನಸ್ಸಿಲ್ಲದಿದ್ದರೂ ತೂಕ ತಪ್ಪುತ್ತದೆ. ನಮ್ಮ ಗುಡ್ಡದ ತೋಟಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಇಳಿಜಾರಿನಲ್ಲಿ ಇಟ್ಟುಬಿಡುತ್ತಾರೆ. ಕೆಳಗೆ ಹಲಗೆ ಹಾಕಿ ಮಟ್ಟ ಮಾಡದೆ ಅದು ಸರಿ ತೋರಿಸುವುದಿಲ್ಲ. ತಟ್ಟೆಯ ಮೇಲೆ ಮಣ್ಣು, ಹಣ್ಣಿನ ಅಂಟು ಕೂತಿರುತ್ತದೆ, ಸೊನ್ನೆ ಜರುಗುತ್ತದೆ. ಬ್ಯಾಟರಿ ಇಳಿದಾಗ ಅಂಕಿ ಕುಣಿಯುತ್ತದೆ. ತೂಗುಹಾಕುವ ತಕ್ಕಡಿಯಾದರೆ ಚೀಲ ಓಲಾಡುವುದು ನಿಲ್ಲುವ ಮೊದಲೇ ಕೂಗಿಬಿಡುತ್ತಾರೆ. ದಿನವೂ ತೂಕಕ್ಕೆ ಮುಂಚೆ ಸೊನ್ನೆ ಎಲ್ಲರಿಗೂ ತೋರಿಸಿ. ಮುದ್ರೆಯಿರುವ 20 ಕೆ.ಜಿ. ಬಟ್ಟು ಒಂದನ್ನು ತೋಟದಲ್ಲಿಟ್ಟು ಮೊದಲು ಅದನ್ನು ತೂಗಿ. ನಲವತ್ತೆಂಟೂವರೆ ಬಂದರೆ ನಲವತ್ತೆಂಟೂವರೆ ಎಂದೇ ಬರೆಯಿರಿ, ನಲವತ್ತೆಂಟಕ್ಕೆ ಇಳಿಸಬೇಡಿ. ಅಂಕಿಯನ್ನು ಕೊಯ್ದವರಿಗೆ ತಿಳಿಯುವ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ. ಕಾರ್ಬನ್ ಇಟ್ಟು ಬರೆದ ಚೀಟಿಯ ಒಂದು ಪ್ರತಿ ಅವರ ಕೈಗೆ ಹೋಗಲಿ. ಕೂಲಿ ಲೆಕ್ಕಕ್ಕೆ ಬಳಸುವ ತಕ್ಕಡಿಯೂ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದೊಳಗೆ ಬರುತ್ತದೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಪರಿಶೀಲನೆಯ ಮುದ್ರೆ ಬೇಕು. ಇಷ್ಟೆಲ್ಲ ಭಕ್ತಿಯ ಮಾತೇ ಎಂದು ಕೆಲವರು ಕೇಳಬಹುದು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯೂ ನ್ಯಾಯವಾದ ತಕ್ಕಡಿ ಇಟ್ಟುಕೋ ಎಂಬ ಆಜ್ಞೆಯೂ ಒಟ್ಟಿಗೇ ಇವೆ. ದೇವರು ಅವನ್ನು ಬೇರೆ ಮಾಡಲಿಲ್ಲ.

ಮ್ಯಾನೇಜರು ಒಪ್ಪದಿದ್ದರೆ? ಆಗ "ನನ್ನ ಕೈಯಿಂದ ತಪ್ಪು ತೂಕ ಬರೆಯಲು ಆಗುವುದಿಲ್ಲ ಸಾರ್, ನರ್ಸರಿಗೋ ಸ್ಟೋರಿಗೋ ಹಾಕಿ" ಎಂದು ಒಂಟಿಯಾಗಿ, ತಗ್ಗಿದ ದನಿಯಲ್ಲಿ ಹೇಳಿ. ಕೆಲಸದವರ ಎದುರು ಹೇಳಿದರೆ ಅದು ಅವರ ಮರ್ಯಾದೆಯ ಪ್ರಶ್ನೆಯಾಗುತ್ತದೆ, ಸತ್ಯ ಹಿಂದೆ ಸರಿಯುತ್ತದೆ. ಬೇರೆ ಕೆಲಸ ಸಿಗುವ ತನಕ ಇದೊಂದು ಸೀಸನ್ ಬರೆದುಕೊಡುತ್ತೇನೆ ಎಂಬ ರಾಜಿಗೆ ಮಾತ್ರ ಇಳಿಯಬೇಡಿ. ವಿಶ್ವಾಸಿಗಳು ಹೆಚ್ಚಾಗಿ ಎಡವುವುದು ಆ ಒಂದು ಸೀಸನ್ನಿನಲ್ಲಿ. ಆಗುವುದಿಲ್ಲ ಅನ್ನಲು ಸಿದ್ಧತೆ ಬೇಕು: ಮೂರು ತಿಂಗಳ ಮನೆಖರ್ಚು ಕೈಯಲ್ಲಿರಲಿ, ತೋಟದಲ್ಲಿ ತೆಗೆದುಕೊಂಡ ಮುಂಗಡ ಇದ್ದರೆ ಮೊದಲು ತೀರಿಸಿ. ಮುಂಗಡದ ಋಣ ಹೊತ್ತವನ ಬಾಯಿಂದ 'ಆಗುವುದಿಲ್ಲ' ಎಂಬ ಮಾತು ಹೊರಡುವುದು ಬಹಳ ಕಷ್ಟ. ಹೆಂಡತಿಯೊಡನೆ ಮೊದಲೇ ಕೂತು ಮಾತಾಡಿ, ನಷ್ಟ ಬಂದರೆ ಅದು ಅವರಿಗೂ ಬರುತ್ತದೆ.

ಚೆಕ್‌ರೋಲಿನ ಪ್ರಶ್ನೆಗೆ ಉತ್ತರ ಚಿಕ್ಕದು. ಬಾರದವನ ಹೆಸರಿನ ಮುಂದೆ ಹಾಜರಿ ಹಾಕಬೇಡಿ, ಅಂಥ ಹಾಳೆಗೆ ಸಹಿಯನ್ನೂ ಹಾಕಬೇಡಿ. ಅಲ್ಲಿ ದುಡ್ಡು ಯಾರ ಜೇಬಿಗೆ ಹೋದರೂ ಅದು ಕಳವು, ನಾಳೆ ಲೆಕ್ಕ ಕೇಳುವಾಗ ಕಾಣುವುದು ನಿಮ್ಮ ಸಹಿ.

ಕಣದ ಪೂಜೆಯ ಬಗ್ಗೆ ನಮ್ಮ ಸಭೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ನಮ್ಮ ಅಭಿಪ್ರಾಯ ಹೇಳುತ್ತೇವೆ. ಯೆಹೋವನನ್ನು ನಂಬಿದ ಸಿರಿಯದ ಸೇನಾಪತಿ ನಾಮಾನನು ತನ್ನ ಅರಸನ ಜೊತೆ ರಿಮ್ಮೋನನ ಗುಡಿಗೆ ಹೋಗಬೇಕಾಗುತ್ತದೆ, ಇದನ್ನು ಯೆಹೋವನು ಕ್ಷಮಿಸಲಿ ಎಂದು ಕೇಳಿದಾಗ ಪ್ರವಾದಿ ಎಲೀಷನು ಸಮಾಧಾನದಿಂದ ಹೋಗು ಅಂದ (2 ಅರಸುಗಳು 5:18-19). ಸಾಹುಕಾರರ ಕಣದಲ್ಲಿ ಅವರ ಪೂಜೆ ನಡೆಯುವಾಗ ಗೌರವದಿಂದ ನಿಂತಿರಿ, ತೆಂಗಿನಕಾಯಿಯ ಬಿಲ್ಲು ಲೆಕ್ಕಕ್ಕೆ ಬರೆಯಿರಿ, ಪೂಜೆ ಮಾಡುವ ಕೆಲಸ ಬಂದರೆ ಮಾತ್ರ ಕ್ಷಮೆ ಕೇಳಿ ಬೇರೆಯವರಿಗೆ ಬಿಡಿ. ಮುಖ ಸಿಂಡರಿಸಿ ದೂರ ಹೋಗಿ ನಿಲ್ಲುವುದರಿಂದ ಯೇಸುವಿನ ಹೆಸರಿಗೆ ಯಾವ ಮಹಿಮೆಯೂ ಬರುವುದಿಲ್ಲ. ಲೋಕವೆಲ್ಲ ಕೆಟ್ಟಿದೆ ಎಂಬ ನಿಮ್ಮ ಮಾತನ್ನೂ ಇಲ್ಲೇ ಸ್ವಲ್ಪ ತಿದ್ದಬೇಕು. ಕೊಡವರ ದೇವರಾದ ಇಗ್ಗುತ್ತಪ್ಪನಿಗೆ ಹೆದರಿ ಒಂದು ಕಾಸು ಹೆಚ್ಚು ಮುಟ್ಟದ ಮನೆತನಗಳು ಈ ನಾಡಿನಲ್ಲಿವೆ. ವಿರಾಜಪೇಟೆಯಲ್ಲಿ 1792ರಲ್ಲಿ ಸಂತ ಅನ್ನಮ್ಮನವರ ದೇವಾಲಯಕ್ಕೆ ನೆಲೆ ಸಿಕ್ಕಿದ್ದು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಆಶ್ರಯದಿಂದ. ಟಿಪ್ಪುವಿನ ಸೀಮೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಬೇರೆ ಧರ್ಮದ ಅರಸನೇ ಜಾಗ ಕೊಟ್ಟ. ಕೆಟ್ಟವರ ಸಂಗವನ್ನು ಪೂರ್ತಿ ಬಿಡಬೇಕಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು, ನಾನು ಹೇಳಿದ್ದು ಅದಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದ (1 ಕೊರಿಂಥ 5:10). ಅವನು ಶುದ್ಧಮಾಡಲು ಹೇಳಿದ್ದು ಮೊದಲು ಸಭೆಯೊಳಗನ್ನು.

ತಂದೆಯವರ ಜಾಗದ ಪೌತಿ ಖಾತೆಯ (ತೀರಿಕೊಂಡವರ ಜಾಗ ವಾರಸುದಾರರ ಹೆಸರಿಗೆ ಮಾಡಿಸುವ) ವಿಷಯದಲ್ಲಿ, ಲಂಚ ಕೇಳಲು ಆಸ್ಪದ ಸಿಗುವುದು ಹೆಚ್ಚಾಗಿ ಅರ್ಜಿ ಅರ್ಧಂಬರ್ಧ ಇದ್ದಾಗ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಮೊದಲು ಕೂಡಿಸಿ. ಮೂರರಲ್ಲೂ ತಂದೆಯವರ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಮನೆಹೆಸರು, ಇನ್ನೊಂದರಲ್ಲಿ ಬ್ಯಾಪ್ಟಿಸಮ್ಮಿನ ಹೆಸರು ಇರುವುದು ನಮ್ಮವರಲ್ಲಿ ಸಾಮಾನ್ಯ, ಕಡತ ನಿಲ್ಲುವುದೂ ಅಲ್ಲೇ. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗೆ 15 ಅಂಕಿಯ ಸಂಖ್ಯೆ ಕೊಡಲೇಬೇಕು. ಗಡುವು ಮೀರಿದರೆ ಮೇಲ್ಮನವಿಗೆ ದಾರಿಯಿದೆ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಏಜೆಂಟರ ಕೈಗೆ ಕೊಟ್ಟು "ಅವನೇನು ಮಾಡಿದನೋ ನನಗೆ ಗೊತ್ತಿಲ್ಲ" ಅನ್ನುವುದು ದೇವರೆದುರು ನಡೆಯುವ ಮಾತಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತದಿಂದ ಕೊಡಬೇಕಾಗಿ ಬಂದವನು ಏಳು ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತಕ್ಕೋ ತಿಳಿಸಿದರೆ ಅವನಿಗೆ ರಕ್ಷಣೆಯಿದೆ. ನಮ್ಮ ಹಕ್ಕಿನದಕ್ಕೆ ಕಿತ್ತುಕೊಂಡ ಹಣಕ್ಕೂ ಬೇರೆಯವರ ಹಕ್ಕು ಕಸಿಯಲು ಕೊಟ್ಟ ಹಣಕ್ಕೂ ವ್ಯತ್ಯಾಸವಿದೆ ಎಂದು ಒಪ್ಪುತ್ತೇವೆ. ಆದರೂ ಕೊಡಬೇಡಿ. ತಡವಾಗುತ್ತದೆ. ಆ ತಡವನ್ನು ತಡೆದುಕೊಳ್ಳುವುದೂ ವಿಧೇಯತೆಯ ಭಾಗ.

ಕಳೆದ ಸೀಸನ್ನುಗಳಲ್ಲಿ ಬರೆದದ್ದನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಅರಣ್ಯಕಾಂಡ 5:7ರಂತೆ ಅಪರಾಧಿ ತನ್ನ ತಪ್ಪನ್ನು ಒಪ್ಪಿಕೊಂಡು ಮೂಲದ ಜೊತೆ ಐದರಲ್ಲೊಂದು ಪಾಲು ಸೇರಿಸಿ ನಷ್ಟವಾದವನಿಗೆ ಕೊಡಬೇಕು. ಕಡಿತದ ದುಡ್ಡು ನಿಮಗೆ ಬಂದಿಲ್ಲ, ಪೂರ್ತಿ ಮೊತ್ತ ನಿಮ್ಮ ಸಾಲವಲ್ಲ ಎಂದು ನಮ್ಮ ತಿಳಿವಳಿಕೆ. ಆದರೆ ತೂಕ 'ಚೆನ್ನಾಗಿ' ಬರೆದದ್ದಕ್ಕೆ ಇನಾಮು ಸಿಕ್ಕಿದ್ದರೆ ಅದು ನಿಮ್ಮದಲ್ಲ. 5,000 ಬಂದಿದ್ದರೆ 6,000 ಹಿಂದಿರುಗಬೇಕು. ಲೈನ್‌ಮನೆಯಲ್ಲಿ ಈಗಲೂ ಇರುವವರಿಗೆ ನೇರವಾಗಿ ಕೊಡಿ, ತಪ್ಪನ್ನೂ ಬಾಯಿಬಿಟ್ಟು ಹೇಳಿ. ಊರಿಗೆ ಹೋದವರ ವಿಳಾಸ ಮೇಸ್ತ್ರಿಯ ಹತ್ತಿರ ಸಿಗಬಹುದು. ಕೊಡಲು ಯಾರೂ ಸಿಗದ ಪಾಲು ಯೆಹೋವನದಾಗಿ ಯಾಜಕನಿಗೆ ಸೇರಬೇಕೆಂದು ಮುಂದಿನ ವಚನ ಹೇಳುತ್ತದೆ. ನಿಮ್ಮ ಸಭಾಪಾಲಕರ ಕೈಗೆ ಕೊಟ್ಟು, ಕೂಲಿಯವರ ಮಕ್ಕಳ ಪುಸ್ತಕಕ್ಕೋ ಔಷಧಿಗೋ ಬಳಸುವಂತೆ ಕೇಳಿಕೊಳ್ಳಿ.

ದಿನವೂ ಬೆಳಿಗ್ಗೆ ಹಾಜರಿಗೆ ಹೊರಡುವ ಮುಂಚೆ 15ನೆಯ ಕೀರ್ತನೆ ಓದಿ. ಐದೇ ವಚನ. ನಷ್ಟವಾದರೂ ಕೊಟ್ಟ ಮಾತು ತಪ್ಪದವನು, ನಿರಪರಾಧಿಯ ವಿರುದ್ಧ ಲಂಚ ಹಿಡಿಯದವನು ಎಂಬ ಮಾತು ಅದರಲ್ಲಿವೆ, ನಿಮ್ಮ ಕೆಲಸಕ್ಕೆ ಹೊಲಿದಿಟ್ಟ ಹಾಗೆ. ಸಂಜೆ ತೂಕ ಶುರುವಾಗುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚಿ ಪ್ರಾರ್ಥಿಸಿ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದದ್ದು, ಅರಸನ ಹೊರತು ಯಾರಿಗೂ ಪ್ರಾರ್ಥಿಸಬಾರದೆಂಬ ಶಾಸನ ಹೊರಡುವ ಮುಂಚಿನಿಂದಲೂ ಇದ್ದ ರೂಢಿ. ಅದಕ್ಕೇ ಶಾಸನ ಬಂದ ದಿನ ಅವನು ಹೊಸದಾಗಿ ಧೈರ್ಯ ಹುಡುಕಬೇಕಾಗಲಿಲ್ಲ.

ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ. ಮ್ಯಾನೇಜರರನ್ನು ಅದಕ್ಕೆ ಮುಂಚೆಯೇ ಕಾಣಿರಿ, ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ಕೇಳುವ ವ್ಯವಧಾನ ಇರುವುದಿಲ್ಲ. ಹೋಗುವ ಮೊದಲು ನಿಮ್ಮ ತಕ್ಕಡಿಯ ಮುದ್ರೆಯ ಅವಧಿ ಎಂದಿನವರೆಗಿದೆ ಎಂದು ನೋಡಿಕೊಳ್ಳಿ. ಮುಗಿದಿದ್ದರೆ ಮಾತು ಅಲ್ಲಿಂದಲೇ ಎತ್ತಬಹುದು.

ಕ್ರಿಸ್ತನಲ್ಲಿ ನಿಮ್ಮ,
ಸಂಪಾದಕ