ಶರೀರ ಬಿಟ್ಟು ಧ್ಯಾನ ಆಗ್ತದೇನ್ರಿ?

ಪ್ರಶ್ನೆ: ಸರ್ ನಮಸ್ಕಾರ, ನಾ ಕಲಬುರಗಿದಾಗ ರೂಮ್ ಮಾಡ್ಕೊಂಡು ಕಾಂಪಿಟೇಟಿವ್ ಎಕ್ಸಾಮಿಗಿ ಓದ್ಲತ್ತೀನಿ. ಮುಂಜಾನಿ ನಾಕಕ್ಕ ಎದ್ದು ಪದ್ಮಾಸನ ಹಾಕಿ ಜಪಕ್ಕ ಕೂಡ್ತೀನಿ, ಸೋಮವಾರ ಶಿವಂದು, ಗುರುವಾರ ಗಾಣಗಾಪುರ ದತ್ತಂದು, ಎರಡೂ ದಿನ ನೀರೂ ಮುಟ್ಟಲ್ದೆ ಉಪಾಸ. ಈಗ ಮೊಣಕಾಲು ನೋಯ್ಲತ್ತಾವ, ತಲಿ ತಿರುಗ್ತದ, ಜಪ ಮಾಡೋಮುಂದ ಬರೇ ಊಟದ್ದೇ ನೆನಪು. ಗೆಳ್ಯಾ ಜಿಮ್ಮಿಗಿ ಬಾ ಅಂತಾನ, ಆದ್ರ ಒಬ್ರು ಹಿರ್ಯಾರು ಶರೀರ ಅಂದ್ರ ಮಾಯಾ, ಅದರ ಕಡಿ ನೋಡಿದ್ರ ಅಧ್ಯಾತ್ಮ ಹೋಯ್ತು ಅಂದ್ರು. ಏನ್ ಮಾಡ್ಲಿ?
– ಒಬ್ಬ ಓದುಗ, ಕಲಬುರಗಿ

ಉತ್ತರ: ತಮ್ಮಾ, ಮೊದಲ ನೀರು ಕುಡಿ. ನಮ್ಮ ಕಡಿ ಬ್ಯಾಸಗ್ಯಾಗ 42 ಡಿಗ್ರಿ ದಾಟೋ ಬಿಸಲಾಗ ನೀರಿಲ್ದೆ ಕುಂತು ತಲಿ ತಿರುಗಿದ್ರ ಅದಕ್ಕ ವೈರಾಗ್ಯ ಅನ್ನಲ್ಲ.

ಆ ಹಿರ್ಯಾರಿಗಿ ಗೀತಾದ 6ನೇ ಅಧ್ಯಾಯದ 16, 17ನೇ ಶ್ಲೋಕ ತೋರಸು. ಭಾಳ ಉಣ್ಣಾಂವಗೂ ಯೋಗ ಇಲ್ಲ, ಏನೂ ಉಣ್ಣಲ್ದಾಂವಗೂ ಇಲ್ಲ, ಭಾಳ ಮಲಗಾಂವಗೂ ಇಲ್ಲ, ಎಚ್ಚರೇ ಇರಾಂವಗೂ ಇಲ್ಲ ಅಂತ ಕೃಷ್ಣ ಸೀದಾ ಹೇಳ್ಯಾನ, 17ನೇ ಅಧ್ಯಾಯದಾಗಂತೂ ಶಾಸ್ತ್ರ ಬಿಟ್ಟು ಘೋರ ತಪಸ್ಸು ಮಾಡಿ ಶರೀರ ಸೊರಗಸೋರು ಒಳಗಿರೋ ನನಗೂ ಕಾಟ ಕೊಡ್ತಾರ ಅಂತ ಬೈದಾನ. ಇನ್ನ ತೈತ್ತಿರೀಯ ಉಪನಿಷತ್ತಿನಾಗ ಭೃಗು ಬ್ರಹ್ಮ ಹುಡುಕ್ಲಕ್ಕ ಕುಂತಾಗ ಮೊದಲ ಸಿಕ್ಕಿದ್ದೇ ಅನ್ನ, ಆಮ್ಯಾಲ ಪ್ರಾಣ, ಮನಸ್ಸು, ವಿಜ್ಞಾನ, ಕಡೀಕ ಆನಂದ, ಮತ್ತ ಅಲ್ಲೇ 'ಅನ್ನಂ ನ ನಿಂದ್ಯಾತ್, ತದ್ ವ್ರತಂ' ಅಂತ ಬರ್ತದ. ಅನ್ನಕ್ಕ ಬೈಬ್ಯಾಡ, ಅದೇ ವ್ರತ ಅಂತ! ನೀ ಹಿಡಿದ ವ್ರತ ನೋಡು, ಇದು ನೋಡು. ಬಸವಣ್ಣನವರೂ 'ದೇಹವೇ ದೇಗುಲ' ಅಂದ್ರು, ಅವರ ಕಲ್ಯಾಣ ನಮ್ಮ ಬೀದರ ಜಿಲ್ಲಾದಾಗೇ ಅದ, ದೂರ ಹೋಗೋದು ಬ್ಯಾಡ.

ಪದ್ಮಾಸನದ ಹಟ ಬಿಡು. ಯೋಗಸೂತ್ರ ಬರದ ಪತಂಜಲಿ ಆಸನಕ್ಕ ಇಟ್ಟ ಷರತ್ತು 'ಸ್ಥಿರಸುಖಂ' ಅಷ್ಟೇ, ಅಲ್ಲಾಡಬಾರದು, ಆರಾಮ ಇರಬೇಕು. ಮೊಣಕಾಲು ನೋವು ಹೋಗೋತನಕ ಕುರ್ಚಿ ಮ್ಯಾಲ ಕುಂದ್ರು, ಹೋಗ್ಲೇ ಇಲ್ಲಂದ್ರ ಎಲುಬಿನ ಡಾಕ್ಟರಿಗಿ ತೋರಸು. ನಾಕಕ್ಕ ಏಳಾಂವ ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡಬಾರದು (ನೋಡ್ತೀ ಅಂತ ನನಗ ಡೌಟ್ ಅದ). ಉಪಾಸ ಸದ್ಯಕ್ಕ ಒಂದೇ ದಿನ ಇಟ್ಕೊ, ಅವತ್ತೂ ಹಣ್ಣು, ಮಜ್ಜಿಗಿ ತಗೊ, ಉಳಿದ ದಿನ ಜ್ವಾಳದ ರೊಟ್ಟಿ, ಬ್ಯಾಳಿ, ಪುಂಡಿ ಪಲ್ಯ ಹೊಟ್ಟಿ ತುಂಬ ಉಣ್ಣು. ಜಿಮ್ಮಿಗಿ ಹೋಗ್ತೀ ಹೋಗು, ರೊಕ್ಕ ಇಲ್ಲಂದ್ರ ಮುಂಜಾನಿ ಅಪ್ಪನ ಕೆರಿ ಕಡಿ ಜೋರ್ ನಡಿ, ಬಂದ ಮ್ಯಾಲ ಜಪಕ್ಕ ಕುಂದ್ರು.

ಪ್ರಶ್ನೆ: ನನಗ ಬಿಪಿ ಅದ. ಟಿವ್ಯಾಗ ನೋಡಿ ಜೋರ್ ಜೋರ್ ಕಪಾಲಭಾತಿ (ಹೊಟ್ಟಿ ಒಳಗ ಎಳದು ಉಸರು ಜೋರಾಗಿ ಹೊರಗ ಹಾಕೋದು) ಮಾಡ್ಲತ್ತೀನಿ, ನಡೀತದ್ರಿ?
– ಒಬ್ಬ ಓದುಗರು, ಹುಮನಾಬಾದ

ಉತ್ತರ: ಅಕ್ಕಾರೇ, ಇವತ್ತೇ ನಿಲ್ಲಸ್ರಿ. ಸಿಂಹ, ಆನಿ, ಹುಲಿ ಪಳಗಿಸಿದಂಗ ಉಸರು ಸಾವಕಾಶ ಪಳಗಿಸಬೇಕು, ಇಲ್ಲಂದ್ರ ಮಾಡಾಂವನ್ನೇ ಕೊಲ್ತದ ಅಂತ ಹಠಯೋಗ ಪ್ರದೀಪಿಕಾ ಅನ್ನೋ ಹಳೇ ಯೋಗದ ಗ್ರಂಥದಾಗೇ ಬರದಾರ. ಡಾಕ್ಟರಿಗಿ ಕೇಳೋತನಕ ಸುಮ್ಮ ಕುಂತು ಉಸರು ನಿಧಾನ ಒಳಗ ತಗೊಂಡು ನಿಧಾನ ಬಿಡ್ರಿ, ಹಿಡಿದು ನಿಲ್ಲಸ್ಲಕ್ಕ ಹೋಗಬ್ಯಾಡ್ರಿ, ಮತ್ತ ಬಿಪಿ ಗುಳಿಗಿ ತಪ್ಪಸಬ್ಯಾಡ್ರಿ.