ಅಲಿ ಫರ್ಕಾ ತೂರೆ: ನೈಜರ್ ದಂಡೆಯ ರೈತ

ಓದುಗರ ಪತ್ರ: "ಮಾಲಿ ದೇಶದ ಅಲಿ ಫರ್ಕಾ ತೂರೆ ಅವರ ಹಾಡುಗಳನ್ನು ಈಚೆಗೆ ಮೊಬೈಲಿನಲ್ಲಿ ಕೇಳಿ ಮರುಳಾದೆ. ಭಾಷೆ ಒಂದಕ್ಷರ ಗೊತ್ತಿಲ್ಲ. ಆದರೆ ಇದು ಅಮೆರಿಕದ ಕರಿಯರ ಬ್ಲೂಸ್ ಸಂಗೀತದ ನಕಲು ಅಂತಾನೆ ನನ್ನ ಗೆಳೆಯ. ಗ್ರ್ಯಾಮಿ ಬಂದ ಮೇಲೆ ಇವರು ಊರಿಗೆ ಹೋಗಿ ಬೇಸಾಯ ಮಾಡುತ್ತ ಕೂತರಂತೆ. ಅಂಥ ಪ್ರತಿಭೆ ಹಾಗೆ ವ್ಯರ್ಥ ಆಗಬೇಕಿತ್ತಾ? ಅವರ ಬದುಕಿನ ಬಗ್ಗೆ ದಯವಿಟ್ಟು ಬರೆಯಿರಿ."

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 'ವ್ಯರ್ಥ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲಿ ಹೆಸರು ಬಂದ ಮೇಲೆ ಬೇಸಾಯಕ್ಕೆ ಇಳಿದವರಲ್ಲ. ಬೇಸಾಯದ ನಡುವೆಯೇ ಜಗತ್ತು ಸುತ್ತಿ ಹಾಡಿ ಬಂದವರು. ತಾನು ಮೊದಲು ರೈತ, ಆಮೇಲೆ ಸಂಗೀತಗಾರ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಅದನ್ನು ದೊಡ್ಡವರ ವಿನಯ ಅಂದುಕೊಂಡು ಬಿಟ್ಟುಬಿಡುವುದು ಸುಲಭ. ಅವರ ಬದುಕನ್ನು ಮೊದಲಿಂದ ನೋಡಿದರೆ ಆ ಮಾತು ಪೂರ್ತಿ ನಿಜ ಅಂತ ಗೊತ್ತಾಗುತ್ತದೆ.

ಅಲಿ ಹುಟ್ಟಿದ್ದು 1939ರಲ್ಲಿ, ಟಿಂಬಕ್ಟು ಸೀಮೆಯ ಕನಾವು ಎಂಬ ಹಳ್ಳಿಯಲ್ಲಿ, ನೈಜರ್ ನದಿಯ ದಂಡೆಯ ಮೇಲೆ. ಆಗ ಆ ನಾಡು ಫ್ರೆಂಚರ ಕೈಯಲ್ಲಿತ್ತು. ಇವರು ತಾಯಿಗೆ ಹತ್ತನೇ ಗಂಡುಮಗ. ಮೊದಲಿನ ಒಂಬತ್ತೂ ಕೂಸುಗಳು ಎಳವೆಯಲ್ಲೇ ಹೋಗಿದ್ದವು. ಅಂಥ ಮನೆಯಲ್ಲಿ ಉಳಿದ ಮಗುವಿಗೆ ಏನಾದರೂ ವಿಚಿತ್ರ ಹೆಸರಿಡುವುದು ಆ ಕಡೆಯ ರೂಢಿ, ನಮ್ಮಲ್ಲಿ ತಿಪ್ಪಯ್ಯ, ತಿಪ್ಪಮ್ಮ ಅಂತ ಕರೆದ ಹಾಗೆ. ಇವರಿಗೆ 'ಫರ್ಕಾ' ಎಂದರು, ಅಂದರೆ ಕತ್ತೆ. ಬೆನ್ನ ಮೇಲೆ ಯಾರನ್ನೂ ಹತ್ತಿಸಿಕೊಳ್ಳದ ಕತ್ತೆ ನಾನು ಎಂದು ಅಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ತಂದೆ ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದಾಗ ತೀರಿಕೊಂಡರು. ಆಮೇಲೆ ಮನೆಯವರು ನದಿಗುಂಟ ದಕ್ಷಿಣಕ್ಕೆ ಹೋಗಿ ನಿಯಾಫುಂಕೆ ಎಂಬ ಊರಿನಲ್ಲಿ ನೆಲೆಸಿದರು. ಹುಡುಗ ಶಾಲೆಗೆ ಹೋಗಲಿಲ್ಲ, ಹೊಲಕ್ಕೆ ಹೋದ.

ಮನೆತನ ಸಣ್ಣದಲ್ಲ. 1591ರಲ್ಲಿ ಮೊರಾಕೊದಿಂದ ಮರುಭೂಮಿ ದಾಟಿ ಬಂದು ಸೊಂಘಾಯ್ ಸಾಮ್ರಾಜ್ಯವನ್ನು ಕೆಡವಿದ ಸೈನಿಕರ ಸಂತತಿ. ಇದೇ ಅಲಿಗೆ ತೊಡಕಾಯಿತು. ಮಾಲಿಯಲ್ಲಿ ಹಾಡುವುದು, ನುಡಿಸುವುದು ಹುಟ್ಟಿನಿಂದ ಬರುವ ಕಸುಬು. ಅದಕ್ಕೆಂದೇ ಗ್ರಿಯೋ ಮನೆತನಗಳಿವೆ. ವಂಶಾವಳಿ ಹೇಳುವುದು, ದೊರೆಗಳನ್ನು ಹಾಡಿ ಹೊಗಳುವುದು ಅವರ ಪಾಲಿನ ಕೆಲಸ. ಬೇರೆಯವರ ಮನೆಯ ಹುಡುಗ ವಾದ್ಯ ಹಿಡಿದರೆ ಹಿರಿಯರಿಗೆ ಇರುಸುಮುರುಸು. ಈ ಕಟ್ಟು ಎಂಥದ್ದು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆದರೂ ನದಿ ಅವರನ್ನು ಬಿಡಲಿಲ್ಲ. ನೈಜರ್‌ನ ನೀರಿನೊಳಗೆ ಆತ್ಮಗಳು ಇವೆ ಎಂದು ಅಲ್ಲಿನ ಜನ ನಂಬುತ್ತಾರೆ. ಅವುಗಳನ್ನು ಕರೆಯುವ ಆಚರಣೆಗಳಲ್ಲಿ ವಾದ್ಯ, ಹಾಡು, ಕುಣಿತ ಎಲ್ಲ ಇರುತ್ತವೆ. ಹುಡುಗ ಅಲ್ಲಿ ಹೋಗಿ ಕಿವಿಗೊಟ್ಟು ಕೂರುತ್ತಿದ್ದ. ಹನ್ನೆರಡರ ಹೊತ್ತಿಗೆ ತಾನೇ ಒಂದು ಗುರ್ಕೆಲ್ ಮಾಡಿಕೊಂಡ. ಅದು ಒಂದೇ ತಂತಿಯ ಪುಟ್ಟ ವಾದ್ಯ. ಮುಂದೆ ಅವರಿಗೇ ಮೈಮೇಲೆ ಬರತೊಡಗಿತು. ಹೊಂಬೊರಿ ಎಂಬ ಊರಿಗೆ ಕಳಿಸಿದರು. ವರ್ಷದ ಮೇಲೆ ಗುಣವಾಗಿ ಬಂದರು. ಅಲಿ ನಿಷ್ಠಾವಂತ ಮುಸಲ್ಮಾನರು. ಆದರೂ ಈ ನದಿಯ ಶಕ್ತಿಗಳ ಬಗ್ಗೆ ಕೊನೆಯವರೆಗೂ ಗೌರವದಿಂದಲೇ ಮಾತಾಡುತ್ತಿದ್ದರು.

ಈ ಒಂದು ತಂತಿಯನ್ನು ಮರೆಯಬೇಡಿ. ಗಿಟಾರ್ ಬಂದದ್ದು ತೀರಾ ತಡವಾಗಿ. 1956ರಲ್ಲಿ ಗಿನಿ ದೇಶದ ಕೇತಾ ಫೊದೇಬಾ ಅವರ ತಂಡದ ಪ್ರದರ್ಶನದಲ್ಲಿ ಗಿಟಾರ್ ಕೇಳಿ ಇದನ್ನು ಕಲಿಯಲೇಬೇಕು ಎಂದು ನಿಶ್ಚಯಿಸಿದರು. ಅವರಿವರ ಗಿಟಾರ್ ಎರವಲು ಪಡೆದು ಕಲಿತರು. ಟ್ಯಾಕ್ಸಿ ಓಡಿಸಿದರು, ಮೆಕ್ಯಾನಿಕ್ ಆದರು, ನದಿಯಲ್ಲಿ ರೋಗಿಗಳನ್ನು ಸಾಗಿಸುವ ದೋಣಿ ನಡೆಸಿದರು. 1960ರಲ್ಲಿ ಮಾಲಿ ಸ್ವತಂತ್ರವಾದ ಮೇಲೆ ಸರ್ಕಾರ ಊರೂರಲ್ಲಿ ಕಲಾತಂಡಗಳನ್ನು ಕಟ್ಟಿತು. ಅಲಿ ನಿಯಾಫುಂಕೆ ತಂಡಕ್ಕೆ ಸೇರಿಕೊಂಡರು. 1968ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಉತ್ಸವಕ್ಕೆ ಹೋದಾಗ ಮೊದಲ ಸ್ವಂತ ಗಿಟಾರ್ ಕೊಂಡರು. ಗಿಟಾರ್ ಹೊಸದು, ಬೆರಳು ಮಾತ್ರ ಹಳೆಯದು. ಗುರ್ಕೆಲ್ ನುಡಿಸಿದ ರೀತಿಯಲ್ಲೇ ಅದನ್ನೂ ನುಡಿಸಿದರು. ಅವರ ಯಾವ ಹಾಡನ್ನಾದರೂ ಗಮನಿಸಿ ಕೇಳಿ. ಕೆಳಗಿನ ಒಂದು ತಂತಿ ಶ್ರುತಿಯ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಮೇಲಿನ ತಂತಿಗಳಲ್ಲಿ ಐದೇ ಸ್ವರಗಳ ಒಂದು ಸಣ್ಣ ತುಣುಕು ಸುತ್ತಿ ಸುತ್ತಿ ಬರುತ್ತದೆ, ಪ್ರತಿ ಸಲ ಚೂರು ಬದಲಾಗಿ. ಪಕ್ಕದಲ್ಲಿ ಅರ್ಧ ಹೋಳು ಮಾಡಿದ ದೊಡ್ಡ ಸೋರೆಬುರುಡೆ. ಅದನ್ನು ನೆಲಕ್ಕೆ ಬೋರಲು ಹಾಕಿ ಕೈಯಲ್ಲಿ ಬಡಿಯುತ್ತಾರೆ. ತಾಳ ಅಷ್ಟೇ.

ಇನ್ನು ನಿಮ್ಮ ಗೆಳೆಯರ ಮಾತು. 1960ರ ದಶಕದ ಕೊನೆಗೆ ರಾಜಧಾನಿ ಬಮಾಕೊದಲ್ಲಿ ಅಲಿಗೆ ಅಮೆರಿಕದ ಕರಿಯರ ರೆಕಾರ್ಡುಗಳು ಕೇಳಲು ಸಿಕ್ಕವು. ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಅವರನ್ನು ಕೇಳಿದಾಗ, ಈತ ನಮ್ಮ ಸಂಗೀತವನ್ನೇ ನುಡಿಸುತ್ತಿದ್ದಾನೆ ಅನ್ನಿಸಿತಂತೆ. ಆಮೇಲೆ ಪಶ್ಚಿಮದ ಪತ್ರಿಕೆಗಳು ಇವರನ್ನೇ 'ಆಫ್ರಿಕಾದ ಹೂಕರ್' ಎಂದು ಕರೆದವು. ಅಲಿಗೆ ಆ ಬಿರುದು ಹಿಡಿಸಲಿಲ್ಲ. ಬೇರು, ಕಾಂಡ ನಮ್ಮ ಹತ್ತಿರ ಇವೆ, ಅವರ ಹತ್ತಿರ ಇರುವುದು ಕೊಂಬೆ, ಎಲೆ ಎಂಬುದು ಅವರ ವಾದ. ನನಗನ್ನಿಸುವುದು ಇಷ್ಟು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಜೊತೆ ಅವರ ಹಾಡೂ ಸಮುದ್ರ ದಾಟಿತು ಎಂಬುದರಲ್ಲಿ ಅನುಮಾನವಿಲ್ಲ. ಅಲಿ ಆ ರೆಕಾರ್ಡುಗಳನ್ನು ಆಸೆಪಟ್ಟು ಕೇಳಿದ್ದೂ ನಿಜ. ಅವರ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಹೂಕರ್‌ನ ನೆರಳು ಅಲ್ಲಲ್ಲಿ ಕಾಣುತ್ತದೆ. ಆದರೆ ಕೈಗೆ ಗುರ್ಕೆಲ್ ಸಿಕ್ಕಿದ್ದು ಹನ್ನೆರಡನೇ ವಯಸ್ಸಿನಲ್ಲಿ, ಹೂಕರ್ ಕಿವಿಗೆ ಬಿದ್ದದ್ದು ಮೂವತ್ತರ ಹತ್ತಿರ. ಇದನ್ನು ನಕಲು ಅನ್ನುವುದು ಅನ್ಯಾಯ.

1970ರ ದಶಕದಲ್ಲಿ ರೇಡಿಯೊ ಮಾಲಿಯಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದರು. ಅಲ್ಲಿನ ಧ್ವನಿಮುದ್ರಣಗಳನ್ನು ಪ್ಯಾರಿಸ್ಸಿನ ಕಂಪನಿಗೆ ಕಳಿಸಿ ಹಲವು ಆಲ್ಬಮ್ ತಂದರು. 1980ರಲ್ಲಿ ಕೆಲಸ ಬಿಟ್ಟು ನಿಯಾಫುಂಕೆಗೆ ಹೋದರು. ಗಮನಿಸಿ, ಗ್ರ್ಯಾಮಿಗೆ ಇನ್ನೂ ಹದಿನೈದು ವರ್ಷ ಇತ್ತು. 1980ರ ದಶಕದ ನಡುವೆ ಲಂಡನ್ನಿನ ವರ್ಲ್ಡ್ ಸರ್ಕಿಟ್ ಎಂಬ ರೆಕಾರ್ಡ್ ಸಂಸ್ಥೆಯವರು ಹುಡುಕಿಕೊಂಡು ಬಂದರು. ವಿದೇಶ ಪ್ರವಾಸ ಶುರುವಾಯಿತು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಮಾಡಿದ 'ಟಾಕಿಂಗ್ ಟಿಂಬಕ್ಟು' 1994ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಪಡೆಯಿತು. ಅದರ ಹಿಂದಿನ ವರ್ಷ ಇದೇ ಕೂಡರ್ ನಮ್ಮ ವಿಶ್ವಮೋಹನ ಭಟ್ಟರ ಜೊತೆ ಅದೇ ವಿಭಾಗದ ಪ್ರಶಸ್ತಿ ಪಡೆದಿದ್ದರು.

ಇಷ್ಟೆಲ್ಲ ಹೆಸರು ಬಂದಾಗ ಅಲಿ ಮಾಡಿದ್ದೇನು? ಬಂದ ದುಡ್ಡನ್ನು ಹೊಲಕ್ಕೆ ಹಾಕಿದರು. ಮರುಭೂಮಿಯ ಅಂಚಿನ ನೆಲ ಅದು. ನದಿಯ ನೀರನ್ನು ಪಂಪ್ ಮಾಡಿ ಗದ್ದೆಗೆ ತರದಿದ್ದರೆ ಬೆಳೆ ಕೈಗೆ ಹತ್ತುವುದಿಲ್ಲ. ಮುಂದಿನ ಆಲ್ಬಮ್‌ಗೆ ಕರೆ ಬಂದಾಗ ಹೊಲ ಬಿಟ್ಟು ಬರಲಾರೆ ಎಂದರು. ನಿರ್ಮಾಪಕ ನಿಕ್ ಗೋಲ್ಡ್ ರೆಕಾರ್ಡಿಂಗ್ ಸಾಮಾನನ್ನೇ ನಿಯಾಫುಂಕೆಗೆ ಹೊತ್ತು ತಂದರು. ಪಾಳುಬಿದ್ದ ಇಟ್ಟಿಗೆ ಕಟ್ಟಡವೊಂದು ಸ್ಟುಡಿಯೊ ಆಯಿತು. ಕರೆಂಟ್ ಇಲ್ಲ, ಜನರೇಟರ್ ಹಾಕಬೇಕು. ಹೊಲದ ಕೆಲಸ ಮುಗಿಸಿ ಅಲಿ ಬಂದಾಗ ರೆಕಾರ್ಡಿಂಗ್. 1999ರಲ್ಲಿ ಊರಿನ ಹೆಸರಲ್ಲೇ ಬಂದ ಆ ಆಲ್ಬಮ್‌ನ ಜೊತೆಗಿನ ಟಿಪ್ಪಣಿಯಲ್ಲಿ ಅವರ ಮಾತಿದೆ: ಪಶ್ಚಿಮದವರಿಗೆ ಈ ಸಂಗೀತ ಬರೀ ಮನರಂಜನೆ ಇರಬಹುದು, ಅವರಿಗೆ ಅರ್ಥವಾಗುತ್ತದೆ ಎಂಬ ನಿರೀಕ್ಷೆ ನನಗಿಲ್ಲ. ಇದನ್ನು ಸೊಕ್ಕು ಎನ್ನುವವರು ಇರಬಹುದು. ನನಗಂತೂ ಇದು ಇಷ್ಟವಾಗುತ್ತದೆ. ಹಾಡು ಯಾರಿಗಾಗಿ ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ನೆಲ, ನದಿ, ದುಡಿಮೆ, ಮಕ್ಕಳ ಓದು ಇವನ್ನೇ ಅವರು ಹಾಡಿದ್ದು. ಸೊಂಘಾಯ್, ಫುಲಾನಿ, ತಮಾಶೆಕ್, ಬಂಬಾರಾ ಹೀಗೆ ದಂಡೆಯ ಜನರ ಎಲ್ಲ ಭಾಷೆಗಳಲ್ಲೂ ಹಾಡಿದರು. 2004ರಲ್ಲಿ ಊರಿನವರು ಅವರನ್ನು ಮೇಯರ್ ಮಾಡಿದರು. ಸ್ವಂತ ದುಡ್ಡಿನಲ್ಲಿ ರಸ್ತೆ ಸರಿಮಾಡಿಸಿದರು, ಚರಂಡಿ ತೋಡಿಸಿದರು, ಊರಿಗೆ ದೀಪ ಕೊಡುವ ಜನರೇಟರಿಗೆ ಎಣ್ಣೆ ಹಾಕಿಸಿದರು.

ಅದೇ ಹೊತ್ತಿಗೆ ಬಮಾಕೊದ ಒಂದು ಹೋಟೆಲಿನಲ್ಲಿ ತುಮಾನಿ ಜಬಾತೆ ಜೊತೆ ಕೂತು ನುಡಿಸಿದರು. ತುಮಾನಿ 21 ತಂತಿಯ ಕೋರಾ ವಾದಕರು, ತಲೆತಲಾಂತರದ ಗ್ರಿಯೋ. ಮನೆಯವರು ಬೇಡವೆಂದರೂ ವಾದ್ಯ ಹಿಡಿದ ಅಲಿ ಅವರ ಸಮಕ್ಕೆ ಕೂತಿದ್ದಾರೆ. ತಾಲೀಮು ಅಂತ ಹೆಚ್ಚೇನೂ ಮಾಡಲಿಲ್ಲ. 'ಇನ್ ದ ಹಾರ್ಟ್ ಆಫ್ ದ ಮೂನ್' ಎಂಬ ಆ ಆಲ್ಬಮ್‌ಗೆ 2006ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂತು. ಮಾರ್ಚ್‌ನಲ್ಲಿ ಮೂಳೆ ಕ್ಯಾನ್ಸರ್‌ನಿಂದ ಅಲಿ ತೀರಿಕೊಂಡರು. ನಿಯಾಫುಂಕೆಯಲ್ಲೇ ಮಣ್ಣು ಮಾಡಿದರು.

ಮಗ ವಿಯೂ ಸಂಗೀತಗಾರ ಆಗುವುದು ಅಲಿಗೆ ಬೇಕಿರಲಿಲ್ಲ, ಸೈನ್ಯಕ್ಕೆ ಸೇರಲಿ ಅನ್ನುತ್ತಿದ್ದರು. ಕೊನೆಗೆ ಒಪ್ಪಿ, ಕಾಯಿಲೆಯಲ್ಲೂ ಅವನ ಮೊದಲ ಆಲ್ಬಮ್‌ಗೆ ನುಡಿಸಿದರು. 2012ರಲ್ಲಿ ಉತ್ತರ ಮಾಲಿಯನ್ನು ಹಿಡಿದ ಜಿಹಾದಿಗಳು ಸಂಗೀತವನ್ನೇ ನಿಷೇಧಿಸಿದರು, ನಿಯಾಫುಂಕೆಯಲ್ಲೂ ಸಹ. ಅಲಿ ಇದ್ದಿದ್ದರೆ ಹೇಗೆ ತಡೆದುಕೊಳ್ಳುತ್ತಿದ್ದರೋ, ನೆನೆದರೆ ಸಂಕಟವಾಗುತ್ತದೆ. ವಿಯೂ ಹಾಡುವುದನ್ನು ನಿಲ್ಲಿಸಲಿಲ್ಲ. 2022ರಲ್ಲಿ ತಂದೆಯ ಹಾಡುಗಳನ್ನೇ ಎತ್ತಿಕೊಂಡು, ಅಮೆರಿಕದ ಒಂದು ತಂಡದ ಜೊತೆ 'ಅಲಿ' ಎಂಬ ಆಲ್ಬಮ್ ತಂದರು.

ನೀವು ಮುಂದೆ ಕೇಳುವುದಾದರೆ 'ನಿಯಾಫುಂಕೆ'ಯಿಂದ ಶುರು ಮಾಡಿ, ಆಮೇಲೆ ತುಮಾನಿ ಜೊತೆಗಿನದ್ದು. ಕಾಯಿಲೆಯ ದಿನಗಳಲ್ಲಿ ಮಾಡಿದ 'ಸವಾನ್' ಅವರು ಹೋದ ಮೇಲೆ ಬಂತು, ಅದನ್ನು ಕೊನೆಗಿಟ್ಟುಕೊಳ್ಳಿ. ಗೆಳೆಯರಿಗೆ ಮಾತ್ರ ಮೊದಲು 'ರೇಡಿಯೊ ಮಾಲಿ' ಎಂಬ ಸಂಗ್ರಹ ಕೇಳಿಸಿ. ಅದರಲ್ಲಿರುವುದು ವಿದೇಶಿ ನಿರ್ಮಾಪಕರು ಹುಡುಕಿ ಬರುವ ಮುಂಚಿನ ಅಲಿ. ಅವರು ಆಮೇಲೂ ನಕಲು ಅಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ.