ಮುಖದ ಫೋಟೊ ಬೇಡ, ಬಾಲ ಅಳೆಯಿರಿ

ಈ ತಿಂಗಳೂ ಓದುಗರದು ಅದೇ ಪ್ರಶ್ನೆ: ಈ ಮೌತ್‌ಪೀಸ್ ಯಾವ ವಾದ್ಯದ್ದು? ಫೋಟೊ ಕೂಡ ಅದೇ. ಅಂಗೈ ಮೇಲೆ ಒಂದು ಮೌತ್‌ಪೀಸ್ (ಊದುವ ಹಿತ್ತಾಳೆ ವಾದ್ಯಕ್ಕೆ ಸಿಕ್ಕಿಸಿ ತುಟಿ ಇಡುವ ತುಂಡು), ನೇರ ಮೇಲಿಂದ ತೆಗೆದದ್ದು. ಅದನ್ನು ನೋಡಿ ನಿಮ್ಮ ಹಸ್ತರೇಖೆ ಹೇಳಬಹುದೇನೋ, ಮೌತ್‌ಪೀಸ್ ಯಾವುದು ಅಂತ ಹೇಳಲು ಆಗುವುದಿಲ್ಲ.

ಒಬ್ಬರ ಪತ್ರ: ತಾತ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದರು. ಅವರ ಟ್ರಂಕಿನಲ್ಲಿ ಹೆಸರು, ನಂಬರ್ ಏನೂ ಇಲ್ಲದ ಮೌತ್‌ಪೀಸ್ ಸಿಕ್ಕಿದೆ. ನನ್ನ ಟ್ರಂಪೆಟ್‌ಗೆ ಹಾಕಿದರೆ ಪೂರ್ತಿ ಒಳಗೆ ಹೋಗಿ ಅಲ್ಲಾಡುತ್ತದೆ. ಯಾವ ವಾದ್ಯದ್ದು?

ಅಲ್ಲಾಡುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಹೆಚ್ಚುಕಮ್ಮಿ ಅದು ಕಾರ್ನೆಟ್‌ನದು, ಅಂದರೆ ಟ್ರಂಪೆಟ್ ತರಹದ್ದೇ ಗಿಡ್ಡ ವಾದ್ಯದ್ದು. ಎಲ್ಲರೂ ಕಪ್, ಅಂದರೆ ತುಟಿ ಇಡುವ ಬಟ್ಟಲು, ನೋಡುತ್ತಾ ಕೂರುತ್ತಾರೆ, ಆದರೆ ಟ್ರಂಪೆಟ್, ಕಾರ್ನೆಟ್ ಎರಡರ ಕಪ್ಪೂ ಒಳಗೆ 16–17 ಮಿ.ಮೀ. ಆಸುಪಾಸೇ ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಗುಟ್ಟು ಹೇಳುವುದು ಶ್ಯಾಂಕ್, ಅಂದರೆ ವಾದ್ಯದೊಳಗೆ ಹೋಗುವ ಬಾಲ. ವರ್ನಿಯರ್ ಕ್ಯಾಲಿಪರ್ ತಂದು ಅದರ ತುದಿಯ ಹೊರ ಅಳತೆ ನೋಡಿ. ಸ್ಕೂಲ್ ಸ್ಕೇಲ್ ಬೇಡ. ಟ್ರಂಪೆಟ್ ಆದರೆ ಸುಮಾರು 9.7 ಮಿ.ಮೀ., ಒಟ್ಟು ಉದ್ದ 87ರ ಹತ್ತಿರ. ಕಾರ್ನೆಟ್ ಸಣ್ಣದು, ತುದಿ 8 ಚಿಲ್ಲರೆ, ಉದ್ದವೂ ಕಮ್ಮಿ. ಕಪ್ಪೇ 25 ಮಿ.ಮೀ. ಇದ್ದರೆ ಟ್ರೊಂಬೋನ್ ಅಥವಾ ಯೂಫೋನಿಯಂ ಎಂಬ ದಪ್ಪ ಹಿತ್ತಾಳೆ ವಾದ್ಯ. ಟ್ರೊಂಬೋನ್‌ನಲ್ಲೂ ಸಣ್ಣ ಶ್ಯಾಂಕ್, ದೊಡ್ಡ ಶ್ಯಾಂಕ್ ಅಂತ ಎರಡಿವೆ, ಯೂಫೋನಿಯಂನ ಹಳೇ ಅಳತೆ ಇವೆರಡರ ನಡುವೆ ಬಂದು ತಲೆ ತಿನ್ನುತ್ತದೆ. ಕಪ್ ಬಟ್ಟಲಿನಂತಿಲ್ಲದೆ ಆಲಿಕೆಯಂತೆ ಇಳಿದರೆ ಫ್ರೆಂಚ್ ಹಾರ್ನ್.

ಅಳೆಯುವ ಮುಂಚೆ ತುದಿಯಲ್ಲಿ ಅರದ ಗೆರೆ ಇದೆಯಾ ನೋಡಿ. ಟ್ರಂಪೆಟ್ ಮೌತ್‌ಪೀಸನ್ನು ಉಜ್ಜಿ ಉಜ್ಜಿ ಕಾರ್ನೆಟ್‌ಗೆ ತುರುಕಿದ "ಮೇಸ್ತ್ರಿ"ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಡಿಲ ಇದ್ದರೆ ದಾರ ಸುತ್ತಿ ಅನ್ನುವವರೂ ಇದ್ದಾರೆ. ಸುತ್ತಬೇಡಿ. ಗಾಳಿ ಸೋರುತ್ತದೆ, ಶ್ರುತಿ ಕೆಡುತ್ತದೆ, ಆಮೇಲೆ ಬೈಗುಳ ವಾದ್ಯಕ್ಕೆ.

ಇನ್ನು, ಹೆಸರಿಲ್ಲ ಅಂದರೆ ಅಪರೂಪದ್ದು ಅಂತಲ್ಲ. ನಮ್ಮ ಮದುವೆ ಬ್ಯಾಂಡುಗಳ ಸಾಮಾನು ಹೆಚ್ಚಾಗಿ ಬರುವುದು ಮೀರತ್‌ನಿಂದ. ಅಲ್ಲಿನ ನಾದಿರ್ ಅಲಿ ವಾದ್ಯ ಕಂಪನಿ ಶುರುವಾದದ್ದೇ 1885ರಲ್ಲಿ. ತಾತನದೂ ಆ ಕಡೆಯದೇ ಇರಬಹುದು. ಹಾಗಂತ ಕಳಪೆ ಅಂತಲೂ ಅಲ್ಲ.

ಇನ್ನು ಬೇರೆಯವರ ಪ್ರಶ್ನೆಗಳು. ಕಪ್ ಒಳಗೆ ಅಳೆದೆ, 16.2 ಮಿ.ಮೀ. ಬಂತು. ಹಾಗಾದರೆ ಬಾಕ್ ಕಂಪನಿಯ 7ಸಿ ಮಾದರಿ ತಾನೆ?

ಹಾಗೆ ಹೇಳಲಾಗದು. ರಿಮ್ಮಿನ (ತುಟಿ ತಾಗುವ ಬಳೆಯಂಥ ಭಾಗದ) ಒಳ ಅಂಚು ದುಂಡಗಿದೆ, ಕ್ಯಾಲಿಪರ್ ಎಷ್ಟು ಇಳಿಸಿದಿರೋ ಅದರ ಮೇಲೆ ಅಳತೆ ಬದಲಾಗುತ್ತದೆ. ಬಾಕ್ ಪಟ್ಟಿಯಲ್ಲಿ 7ಸಿ 16.2, 3ಸಿ 16.3. ಆ 0.1 ಮಿ.ಮೀ. ನಿಮ್ಮ ಕೈಗೆ ಸಿಗಲ್ಲ ಬಿಡಿ.

ಕಪ್ಪಾಗಿದೆ. ಅಪ್ಪಟ ಬೆಳ್ಳಿಯಾ?

ಬೆಳ್ಳಿ ಪ್ಲೇಟಿಂಗ್, ಒಳಗೆ ಹಿತ್ತಾಳೆ. ರಿಮ್ಮಿನಲ್ಲಿ ಹಳದಿ ಕಾಣುತ್ತಿದ್ದರೆ ತುಟಿಗೆ ಇಡಬೇಡಿ, ಕೆಲವರಿಗೆ ಉರಿ ಬರುತ್ತದೆ. ಮೊದಲು ಪ್ಲೇಟಿಂಗ್ ಮಾಡಿಸಿ.

ಬ್ರಿಟಿಷ್ ಸೈನ್ಯದ್ದು ಅಂತ ಸಂಡೇ ಬಜಾರಿನಲ್ಲಿ ಕೊಟ್ಟರು...

ಕೊಡುತ್ತಾರೆ.

ವಾದ್ಯದಲ್ಲೇ ಸಿಕ್ಕಿಹಾಕಿಕೊಂಡಿದೆ. ಇಕ್ಕಳ ಹಾಕಲೇ?

ಹಾಕಿದರೆ ಪೈಪು ತಿರುಚಿಕೊಂಡು ರಿಪೇರಿಗೆ ನನ್ನ ಹತ್ತಿರವೇ ಬರುತ್ತೀರಿ. ಪುಲ್ಲರ್ (ಮೌತ್‌ಪೀಸ್ ನೇರ ಎಳೆದು ತೆಗೆಯುವ ಸಾಧನ) ಇರುವವರಿಂದ ತೆಗೆಸಿ.

ಹುಣಸೆಹಣ್ಣಿನಲ್ಲಿ ತೊಳೆಯಬಹುದಾ?

ಅದು ದೇವರ ದೀಪಕ್ಕೆ. ಇದಕ್ಕೆ ಉಗುರುಬೆಚ್ಚಗಿನ ಸೋಪ್ ನೀರು, ಒಂದು ಸಣ್ಣ ಬ್ರಶ್.